ನೀರುಹಾವಿನ ಬಾಟಲಿಯ ಚೀಟಿಗಳು

ಆ ವರ್ಷ ಭಾಲ್ಕಿಯ ನಮ್ಮ ಕಾಲೇಜಿನಲ್ಲಿ ಮೈ ಒಣಗದೆ ಇದ್ದದ್ದು ನೀರುಹಾವು ಒಂದೇ. ಅದು ಪ್ರಾಣಿಶಾಸ್ತ್ರದ ಲ್ಯಾಬಿನ ಗಾಜಿನ ಬಾಟಲಿಯಲ್ಲಿ, ಫಾರ್ಮಲಿನ್‌ನೊಳಗೆ ಸುರುಳಿ ಸುತ್ತಿಕೊಂಡಿತ್ತು. ಹೊರಗೆ ಕಾರಂಜಾ ಜಲಾಶಯ ತಳ ಕಂಡಿತ್ತು. ನಲ್ಲಿ ತಿರುಗಿಸಿದರೆ ಗಾಳಿ ಬರುತ್ತಿತ್ತು. ಅಪ್ಪ ಅವ್ವನ ಹಿಂದೆ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದ ಮಕ್ಕಳ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು.

ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತಿಗೆ ಮರುಳಾಗಬೇಡಿ. ವರ್ಷ ಮುಗಿದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಪ್ರಾಂಶುಪಾಲರ ಮುಖ ನೋಡುವ ಕೆಲಸ ಅದು. ಮನೆ ಬೀದರಿನಲ್ಲಿ. ಶನಿವಾರ ಸಂಜೆ ಅಲ್ಲಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತು, ಯಾವ ಹಾವಿನ, ಯಾವ ಹಲ್ಲಿಯ ವೈಜ್ಞಾನಿಕ ಹೆಸರು ಬದಲಾಗಿದೆ ಎಂದು ಹುಡುಕಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು ನನ್ನ ಹುಚ್ಚು. ಸೋಮವಾರ ಬಾಟಲಿಗೆ ಹೊಸ ಚೀಟಿ ಅಂಟಿಸುತ್ತಿದ್ದೆ.

"ಮೇಡಂರೀ, ಇವತ್ತ ಯಾವ ಹಾವಿಂದು ತೊಟ್ಟಲ ಅದರಿ? ಪೇಢಾ ಎಲ್ಲಿ?" ಎಂದು ಸಹೋದ್ಯೋಗಿಗಳು ನಾಮಕರಣಕ್ಕೆ ಬಂದವರಂತೆ ಕಾಡುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ನಮ್ಮ ಹುಟ್ಟೂರು ಭಾತಂಬ್ರಾದಲ್ಲಿ ನಮ್ಮ ಮನೆತನಕ್ಕೆ ಊರವರು ಒಂದು ಹೆಸರಿಟ್ಟಿದ್ದರು. ಬೌದ್ಧರಾದ ಮೇಲೆ ಅಪ್ಪ ಅದನ್ನು ಬಿಟ್ಟು ಕಾಗದಪತ್ರಗಳಲ್ಲೆಲ್ಲ ಬೇರೆ ಹೆಸರು ಬರೆಸಿದರು. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಬೇಕೆಂದೇ ಹಳೇ ಹೆಸರು ಕೂಗುವವರಿದ್ದರು. ಆಗೆಲ್ಲ ನನ್ನ ಮೈ ಉರಿಯುತ್ತಿತ್ತು. ಆ ಉರಿಯನ್ನು ನಾನು ತರಗತಿಗೂ ತಂದೆ. ಯಾರಾದರೂ ಪ್ರಾಣಿಯ ಹಳೇ ಹೆಸರು ಬರೆದರೆ ಕಾಗದ ಹರಿಯುವಂತೆ ಕೆಂಪು ಗೀಟು ಹಾಕುತ್ತಿದ್ದೆ. ಪಠ್ಯಪುಸ್ತಕದಲ್ಲಿ ಇನ್ನೂ ಹಳೇ ಹೆಸರೇ ಇದೆ ಎಂದು ಗೊತ್ತಿದ್ದೂ ಹಾಕುತ್ತಿದ್ದೆ.

ಬಾಟಲಿಯ ಹಳೇ ಚೀಟಿಯನ್ನು ನೀರಲ್ಲಿ ನೆನೆಸಿ ತೆಗೆದು ಹೊಸದನ್ನು ಹಚ್ಚಬೇಕು. ಆ ವರ್ಷ ಕುಡಿಯಲಿಕ್ಕೇ ಗತಿಯಿರಲಿಲ್ಲ, ಚೀಟಿ ನೆನೆಸಲು ನೀರೆಲ್ಲಿಂದ ತರಲಿ? ಹಳೇದರ ಮೇಲೆಯೇ ಹೊಸದನ್ನು ಅಂಟಿಸುತ್ತಾ ಹೋದೆ.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಬಂತು. ಮೇಜಿನ ಮೇಲೆ ಹತ್ತು ಬಾಟಲಿ, ಹೆಸರಿನ ಚೀಟಿಗಳ ಮೇಲೆ ನಂಬರಿನ ಚೀಟಿ. ಗುರುತಿಸಿ ಹೆಸರು ಬರೆಯಬೇಕು. ಬರೆಯುವವರಲ್ಲಿ ಔರಾದ ಕಡೆಯ ಠಾಣಾ ಕುಶನೂರಿನ ಒಬ್ಬ ಹುಡುಗಿಯಿದ್ದಳು, ಕುರಿ ಕಾಯುವ ಮನೆಯವಳು. ಮೇವಿಲ್ಲದೆ ಕುರಿಗಳನ್ನು ಮಾರಿ ಅಪ್ಪ ಅವ್ವ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಇವಳು ಅಜ್ಜಿಯ ಜೊತೆ ಉಳಿದಿದ್ದಳು. ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ: ಪಾಸಾದರೆ ಬೀದರಿನಲ್ಲಿ ಬಿ.ಎಡ್., ಫೇಲಾದರೆ ಹೈದರಾಬಾದಿನಲ್ಲಿ ಇಟ್ಟಂಗಿ ಹೊರುವುದು.

ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಅವಳ ಹಾಳೆಯ ಮೇಲೆ ಒಂದು, ಎರಡು, ಮೂರು ಅಂತ ತಪ್ಪು ಹಾಕುತ್ತಾ ಹೋದರು. ನಾನು ಎದುರಿಗೇ ನಿಂತಿದ್ದೆ.

"ಇವೆಲ್ಲ ಯಾವ ಹೆಸರ್ರಿ ಮೇಡಂ? ಬುಕ್ಕಿನಾಗ ಇಲ್ಲ."

"ಬದಲಾಗ್ಯಾವ್ರಿ ಸರ್. ಇವೇ ಈಗಿನ ಖರೆ ಹೆಸರು." ನೋಟ್‌ಬುಕ್ ಮುಂದಿಟ್ಟೆ.

ಅವರು ಅದನ್ನು ಮುಟ್ಟಲೂ ಇಲ್ಲ. "ನಿಮ್ಮ ಕೈಬರಹ ನೋಡಿ ನಾ ಮಾರ್ಕ್ಸ್ ಹಾಕಬೇಕೇನ್ರಿ? ಉಳಿದವರೆಲ್ಲ ಬುಕ್ಕಿಂದೇ ಬರ್ದಾರಲ್ಲ!"

ಅದೂ ನಿಜವೇ. ಉಳಿದವರು ಜಾಣರು, ಗೈಡ್ ಓದಿ ಬಂದಿದ್ದರು. ನನ್ನ ಮಾತು ನಂಬಿದವಳು ಇವಳೊಬ್ಬಳೇ. ಅರ್ಧ ಗಂಟೆಯಲ್ಲಿ ಅಂಕಪಟ್ಟಿಯ ಲಕೋಟೆಗೆ ಅರಗು ಹಚ್ಚುತ್ತಾರೆ. ಹುಡುಗಿ ಬಾಗಿಲ ಹತ್ತಿರ ಓಢಣಿಯ ತುದಿ ತಿರುವುತ್ತಾ ನಿಂತಿದ್ದಳು.

ಪರೀಕ್ಷಕರು ನೀರುಹಾವಿನ ಬಾಟಲಿಯನ್ನು ಹತ್ತಿರ ಎಳೆದುಕೊಂಡು ನಂಬರಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿದರು. ಕೆಳಗೆ ನನ್ನ ಚೀಟಿ: ಝೆನೊಕ್ರೊಫಿಸ್ ಪಿಸ್ಕೇಟರ್. ಅದನ್ನೂ ಎಬ್ಬಿಸಿದರು. ನ್ಯಾಟ್ರಿಕ್ಸ್ ಪಿಸ್ಕೇಟರ್, ಪುಸ್ತಕದ್ದು. ಆದರೆ ಅದರ ಅಂಚಿನಲ್ಲಿ ಇನ್ನೊಂದು ಕಾಗದ ಇಣುಕುತ್ತಿತ್ತು. ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು ಅದನ್ನು ಬಿಡಿಸಿದರು. ಹಳದಿ ಬಿದ್ದ ಅಕ್ಷರಗಳು: ಟ್ರಾಪಿಡೊನೋಟಸ್ ಪಿಸ್ಕೇಟರ್. ನಿಜಾಮನ ಕಾಲದ ಯಾವುದೋ ಶಾಲೆಯಿಂದ ಬಂದ ಬಾಟಲಿ ಅದು. ಅವರು ಖರೆ ಎಂದು ನಂಬಿದ್ದ ಹೆಸರೂ ಒಂದು ಕಾಲಕ್ಕೆ ಯಾರೋ ಮೇಲೆ ಅಂಟಿಸಿದ್ದೇ ಆಗಿತ್ತು.

ಅವರು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಆಮೇಲೆ ಹುಡುಗಿಯನ್ನು ಕರೆದರು.

"ತಂಗೀ, ಇದರ ಹಳೇ ಹೆಸರು ಗೊತ್ತದೇನು?"

"ನ್ಯಾಟ್ರಿಕ್ಸ್ ಪಿಸ್ಕೇಟರ್ ರೀ."

"ಈ ಹಾವರಾಣಿದು?"

"ಮಬುಯಾ ಕ್ಯಾರಿನೇಟಾ ರೀ." ತಪ್ಪು ಬಿದ್ದ ಎಲ್ಲ ಬಾಟಲಿಗಳದ್ದೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಎಲ್ಲಾ ಬರ್ತಾವಲ್ಲ! ಮತ್ಯಾಕ ಬರೀಲಿಲ್ಲ?"

ಅವಳು ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. "ಬರದ್ರ ಮೇಡಂ ಸಿಟ್ಟಾಗ್ತಾರ್ರಿ."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳ ಭವಿಷ್ಯಕ್ಕೆ ಗೀಟೆಳೆದದ್ದು ಪುಸ್ತಕವೂ ಅಲ್ಲ, ಪರೀಕ್ಷಕರೂ ಅಲ್ಲ, ನನ್ನ ಕೆಂಪು ಪೆನ್ನು.

ಪರೀಕ್ಷಕರು ಬಿಳಿ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು. "ಗಲತಿ ಯಾರ್ದು ಅಂತ ಬರದು ಸಹಿ ಮಾಡ್ರಿ. ನಾ ಮಾರ್ಕ್ಸ್ ಹಾಕ್ತೇನಿ."

ಆ ಹಾಳೆ ಪ್ರಾಂಶುಪಾಲರ ಟೇಬಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು. ಹಳೇ ಹೆಸರು ಬರೆಯಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿದವಳು ನಾನೇ ಎಂದು ಬರೆದು ಸಹಿ ಮಾಡಿದೆ. ಹುಡುಗಿ ಪಾಸಾದಳು. ಮುಂದಿನ ವರ್ಷ ಕಾಲೇಜು ನನ್ನನ್ನು ಕರೆಯಲಿಲ್ಲ.

ಸಹಿ ಮಾಡಿದ ದಿನ ಸಂಜೆ ಮನೆಗೆ ಬಂದು ಅಪ್ಪನ ಮುಂದೆ ಅತ್ತಿದ್ದೆ. ಅವರು ಎಲ್ಲ ಕೇಳಿ, "ನಮ್ಮ ಹಳೇ ಹೆಸರು ನಮ್ಮನ್ನ ತುಳೀಲಿಕ್ಕಂತ ಇಟ್ಟಿದ್ರು, ನಾವು ಬಿಟ್ಟಿವಿ. ಹಾವಿಗಿ ಯಾರು ತುಳದಾರ ಅವ್ವಾ?" ಎಂದರು.

ಕೆಲವು ವರ್ಷಗಳ ನಂತರ ಆ ಹುಡುಗಿಯ ಫೋನು ಬಂತು. ಬೀದರ ಹತ್ತಿರದ ಕಾಲೇಜೊಂದರಲ್ಲಿ ಈಗ ಅವಳೇ ಮೇಡಂ.

"ಮೇಡಂರೀ, ನೀರಹಾವಿನ ಹೆಸರು ಮತ್ತ ಬದಲಾಗ್ಯಾದ್ರಿ. ಫೌಲಿಯಾ ಪಿಸ್ಕೇಟರ್ ಅಂತರಿ. ಹೊಸ ಚೀಟಿ ಬರೀಲತ್ತೀನ್ರಿ. ನೀವು ಕಲಿಸಿದ್ ಹೆಸರು ಕೆಳಗ ಇಡ್ಲೇನ್ರಿ, ತೆಗೀಲೇನ್ರಿ?"