ಕೆಳಗೆ ಕುಳಿತ ಪ್ರೋಗ್ರಾಮು ಯಾವುದು

ಇದೆಲ್ಲ ನಾನು ನೆನೆಯುವ ಹಾಗೆಯೇ ನಡೆಯಿತೆಂದು ಆಣೆ ಮಾಡಲಾರೆ. ಎಪ್ಪತ್ತರ ದಶಕದ ಕೊನೆಯಿರಬೇಕು. ಕಾರ್ಡಿನ ಕಟ್ಟಿಗೆ ಕುಂಕುಮ ಹಚ್ಚಿದ್ದು ಆಯುಧಪೂಜೆಯ ದಿನವೋ ಬರಿಯ ಶುಕ್ರವಾರವೋ, ಖಚಿತವಿಲ್ಲ. ಹಚ್ಚಿದ್ದಂತೂ ನಿಜ; ಆ ಸಿಟ್ಟು ಇನ್ನೂ ಹೋಗಿಲ್ಲ.

ಚಿತ್ರದುರ್ಗದಲ್ಲಿ ಅದಿರು ಸಮೀಕ್ಷೆಯ ಸಣ್ಣ ಕಚೇರಿ. ನಾನು ಎಂ.ಎಸ್ಸಿ. ಮುಗಿಸಿ ಬಂದ ಹಂಗಾಮಿ ನೌಕರ. ಹೊಸದುರ್ಗ, ಹೊಳಲ್ಕೆರೆಯ ಗುಡ್ಡಗಳಲ್ಲಿ ಕೊರೆದು ತಂದ ಮಾದರಿಗಳ ಅಂಕಿಗಳನ್ನು ಯಂತ್ರ ಓದುವ ದಪ್ಪ ಕಾಗದದ ಕಾರ್ಡುಗಳಲ್ಲಿ ತೂತುಗಳಾಗಿ ಹೊಡೆದು, ಕಟ್ಟು ಕಟ್ಟಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬೆಂಗಳೂರಿನ ಕಂಪ್ಯೂಟರ್ ಕೇಂದ್ರಕ್ಕೆ ಕಳಿಸುತ್ತಿದ್ದೆವು. ಕಟ್ಟು ಹಿರಿಯೂರು ದಾಟಿ ಹೋಗಿ ಉತ್ತರ ವಾಪಸ್ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು.

ಗಣಪತಿ ಹಬ್ಬ ಮುಗಿದದ್ದೇ, ಅಲ್ಲಿಯವರೆಗೆ ಸರಿಯಾಗಿ ಓಡುತ್ತಿದ್ದ, ಆ ಅಂಕಿಗಳ ಲೆಕ್ಕಕ್ಕೆ ನಾನು ಬರೆದ ಪ್ರೋಗ್ರಾಮು ಅರ್ಧಕ್ಕೇ ನಿಲ್ಲತೊಡಗಿತು. ಸಮಯ ಮೀರಿದೆ ಎಂಬ ಒಂದು ಸಾಲು ಬಿಟ್ಟರೆ ಬೇರೇನಿಲ್ಲ. ಕಚೇರಿಯ ಮುಖ್ಯಸ್ಥರಾದ ಸಾಹೇಬರು ನನ್ನನ್ನೇ ಹಿಡಿದರು.

"ಲೆಕ್ಕ ಸರಿ ಬರ್ದಿದ್ರೆ ಯಾಕಪ್ಪ ನಿಲ್ತೈತೆ? ದೀಪಾವಳಿ ಹೊತ್ತಿಗೆ ನಿನ್ನ ಇಟ್ಕಳ್ಬೇಕೋ ಬಿಡ್ಬೇಕೋ ಅಂತ ನಾನು ಬರೀಬೇಕು."

ತಪ್ಪು ನನ್ನದಲ್ಲ ಎಂಬ ಅನುಮಾನ ನನಗೆ. ಕೇಂದ್ರದಲ್ಲಿದ್ದದ್ದು ಒಂದೇ ದೊಡ್ಡ ಯಂತ್ರ. ಅದರೊಳಗೆ ಎಲ್ಲಕ್ಕೂ ಕೆಳಗೆ ಕುಳಿತ ಮೇಲ್ವಿಚಾರಕ ಪ್ರೋಗ್ರಾಮೊಂದು, ಇಡೀ ಯಂತ್ರ ನಿನ್ನದೇ ಎಂದು ಪ್ರತಿಯೊಬ್ಬರ ಪ್ರೋಗ್ರಾಮನ್ನೂ ನಂಬಿಸುತ್ತಿತ್ತು. ನನ್ನದು ಓಡುತ್ತಿದ್ದುದು ಅಂಥ ತೋರಿಕೆಯ ಯಂತ್ರದಲ್ಲಿ. ಕೆಳಗಿನ ಮೇಲ್ವಿಚಾರಕವೇ ಬದಲಾಗಿದ್ದರೆ, ಸಮಯ ಎಣಿಸುವ ರೀತಿಯೂ ಬದಲಾಗಿರಬಹುದು. ಕೇಂದ್ರಕ್ಕೆ ಟ್ರಂಕ್ ಕಾಲ್ ಮಾಡಿ ಕೇಳಿದೆ. "ಏನೂ ಬದಲಾಗಿಲ್ಲ ಸಾರ್, ಅದೇ ಮೂರನೇ ಆವೃತ್ತಿ" ಎಂದು ಅಲ್ಲಿನ ಕಂಪ್ಯೂಟರ್ ಆಪರೇಟರ್ ಫೋನಿಟ್ಟ.

ಸಾಹೇಬರಿಗೆ ವಿವರಿಸಲು ಹೋದೆ. "ತಬ್ಬಲಿ ಮರಿಗೆ ಸತ್ತ ಮರಿ ಚರ್ಮ ಹೊದಿಸಿ ಬೇರೆ ಕುರಿ ಹತ್ರ ಬಿಡ್ತಾರಲ್ಲ ಸಾರ್, ಕುರಿ ಮೂಸಿ ನೋಡಿ ತನ್ನದೇ ಅಂತ ಹಾಲು ಕೊಡ್ತೈತೆ. ನಮ್ಮ ಪ್ರೋಗ್ರಾಮೂ ಆ ಕುರಿ ಇದ್ದಂಗೆ."

"ಎಂ.ಎಸ್ಸಿ. ಓದಿದ್ದು ಕುರಿ ಕಥೆ ಹೇಳಾಕೇನಪ್ಪ?"

ಒಳಗಿನಿಂದಲೇ ಕೇಳುವ ದಾರಿಯೊಂದಿತ್ತು. ಒಂದು ವಿಶೇಷ ಆದೇಶ ಕೊಟ್ಟರೆ ಮೇಲ್ವಿಚಾರಕ ಪ್ರೋಗ್ರಾಮು ತನ್ನ ಹೆಸರನ್ನೂ ಆವೃತ್ತಿಯನ್ನೂ ತಿಳಿಸುತ್ತಿತ್ತು. ಅಷ್ಟನ್ನೇ ಕೇಳುವ ಪುಟ್ಟ ಪ್ರೋಗ್ರಾಮು ಬರೆದು, ಬಸ್ಸಿಗೆ ಕೊಡಲು ಅಟೆಂಡರ್ ಕೈಗಿತ್ತೆ. ವಾರದ ಮೇಲೆ ಕಟ್ಟು ಹೋದ ಹಾಗೇ ವಾಪಸ್ ಬಂತು. ಮೇಲಿನ ಕಾರ್ಡಿಗೆ ಗಂಧ, ಕುಂಕುಮ. ಒದ್ದೆ ಗಂಧಕ್ಕೆ ಕಾರ್ಡುಗಳು ಅಂಟಿಕೊಂಡು, ಅಲ್ಲಿನ ಯಂತ್ರ ಓದಲಿಲ್ಲವಂತೆ.

ಅಟೆಂಡರ್ ಮಾಡದಕೆರೆ ಕಡೆಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. "ಯಂತ್ರದ ಹೊಟ್ಟೆಗೆ ಹೋಗೋದು, ಪೂಜೆ ಮಾಡ್ದೆ ಹೆಂಗೆ ಕಳಿಸ್ಲಿ?" ಎಂದರು.

"ಅದು ಉಗಿದು ಕಳಿಸೈತೆ ನೋಡ್ರಿ."

"ಹಂಗಾದ್ರೆ ಕಾಯಿ ಒಡೀಬೇಕಾಗಿತ್ತು ಬಿಡ್ರಿ."

ಮತ್ತೆ ತೂತು ಹೊಡೆದು, ಈ ಸಲ ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಕೊಟ್ಟೆ. ದೀಪಾವಳಿ ಹತ್ತಿರ ಬಂದಿತ್ತು. ಬಂದ ಉತ್ತರದಲ್ಲಿ ಆವೃತ್ತಿ ನಾಲ್ಕು ಎಂದಿತ್ತು. ಸಾಹೇಬರ ಮೇಜಿನ ಮೇಲಿಟ್ಟೆ.

"ಈ ಪ್ರೋಗ್ರಾಮು ಬರ್ದೋರು ಯಾರು?"

"ನಾನೇ ಸಾರ್."

"ಮತ್ತೆ ನಾಲ್ಕು ಅಂತ ನೀನೇ ಬರ್ಕಂಡಿಲ್ಲ ಅಂತ ಹೆಂಗೆ ನಂಬ್ಲಿ?"

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅದಕ್ಕೇ ಇನ್ನಷ್ಟು ರೇಗಿತು. ಮತ್ತೆ ಟ್ರಂಕ್ ಕಾಲ್ ಹಾಕಿಸಿ ರಿಸೀವರನ್ನು ಅವರ ಕೈಗೇ ಕೊಟ್ಟೆ. ಆಪರೇಟರ್ ಒಳಗೆ ಹೋಗಿ ವಿಚಾರಿಸಿಕೊಂಡು ಬಂದ. ಗಣಪತಿ ಹಬ್ಬದ ರಜೆಯಲ್ಲಿ ಬೇರೆಯವರು ಹೊಸದನ್ನು ಹಾಕಿದ್ದರಂತೆ, ಅದು ಸಮಯ ಎಣಿಸುವ ರೀತಿಯೇ ಬೇರೆಯಂತೆ, ಅವನಿಗೆ ಯಾರೂ ಹೇಳಿರಲಿಲ್ಲವಂತೆ. ನನ್ನ ನೌಕರಿ ಉಳಿಯಿತು. ಸಾಹೇಬರು "ಆತು ಹೋಗಪ್ಪ" ಎಂದದ್ದು ಕಿವಿಯಲ್ಲಿದೆ. ಅದನ್ನೂ ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ.

ಎಷ್ಟೋ ವರ್ಷಗಳ ಮೇಲೆ ಒಂದು ಗ್ರಂಥಾಲಯದಲ್ಲಿ ಆ ಯಂತ್ರದ ಹಳೆಯ ಕೈಪಿಡಿ ಸಿಕ್ಕಿತು. ನಿಂತಲ್ಲೇ ಆ ವಿಶೇಷ ಆದೇಶದ ಪುಟ ಹುಡುಕಿದೆ; ಅಂದು ಸಾಹೇಬರಿಗೆ ತೋರಿಸಲು ಅದು ನನ್ನ ಬಳಿ ಇರಲಿಲ್ಲ. ಆ ಆದೇಶಕ್ಕೆ ಆವೃತ್ತಿಯ ಸಂಖ್ಯೆ ತುಂಬುವುದು ಕೇಳಿದ ಪ್ರೋಗ್ರಾಮಲ್ಲ, ಕೆಳಗಿನ ಮೇಲ್ವಿಚಾರಕವೇ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು.