ಹಸೀನಾ ಭಾಬಿಯ ಡಬ್ಬಿ

ದೆವ್ವ, ಗಾಳಿಸೋಂಕು, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು, ಇಂಥ ಮಾತು ಎದ್ದಾಗಲೆಲ್ಲ ನಾನು ಕಾಲೆಳೆಯುವವರ ಪೈಕಿ. ಈಗಲೂ ಹೆಚ್ಚುಕಡಿಮೆ ಹಾಗೇ ಇದ್ದೇನೆ. ನನ್ನ ಉದ್ಯೋಗವೂ ಅಂಥದ್ದು. ಐ.ಟಿ.ಐ.ಯಲ್ಲಿ ಹುಡುಗರಿಗೆ ವಾಹನ ರಿಪೇರಿ ಕಲಿಸುತ್ತೇನೆ. ಗಾಡಿ ಕೆಟ್ಟಿದೆ ಎಂದರೆ ಕಾರಣ ಇದ್ದೇ ಇರುತ್ತದೆ, ಸಿಗಲಿಲ್ಲವೆಂದರೆ ನಾವು ಸರಿಯಾಗಿ ಹುಡುಕಿಲ್ಲ ಎಂದು ಪಾಠದ ಮೊದಲ ದಿನವೇ ಹೇಳಿಬಿಡುತ್ತೇನೆ. ಇಂಥ ನಾನು ಈ ಸಂಗತಿ ಬರೆಯಲು ಕುಳಿತದ್ದು ನೋಡಿ ನನ್ನ ಹೆಂಡತಿ ಗಿರಿಜಾಗೇ ನಗು. ನಿಮ್ಮನ್ನು ನಂಬಿಸುವ ಉದ್ದೇಶ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಎಲ್ಲಿ ತಪ್ಪಿದೆ ಎಂದು ನಿಮಗೆ ಹೊಳೆದರೆ ನನ್ನಷ್ಟು ಸಂತೋಷಪಡುವವರು ಬೇರೆ ಯಾರೂ ಇರಲಿಕ್ಕಿಲ್ಲ.

ಯಲಬುರ್ಗಾದಲ್ಲಿ ನಮ್ಮ ಮನೆಗೂ ಖಾಜಾಸಾಬರ ಮನೆಗೂ ನಡುವೆ ಒಂದೇ ಗೋಡೆ. ಅವರದು ಗಾದಿ, ತಲೆದಿಂಬು ಹೊಲಿಸಿ ಮಾರುವ ಅಂಗಡಿ. ಅವರ ಬಳಿ ಒಂದು ಹಳೆಯ ಪೆಟ್ರೋಲ್ ಕಾರು ಇತ್ತು. ಅದು ಕಂಪನಿಯಿಂದ ಹೊರಬಿದ್ದಾಗ ನನಗಿನ್ನೂ ಮೀಸೆ ಬಂದಿರಲಿಲ್ಲ. ಬೆಳಿಗ್ಗೆ ಚೋಕ್ ಎಳೆದು, ಬೈದು, ಮುದ್ದುಮಾಡಿ, ಮತ್ತೆ ಬೈದ ಮೇಲೆಯೇ ಅದು ಏಳುವುದು. ಅದರ ರಿಪೇರಿಯೆಲ್ಲ ನನ್ನದೇ. ಕೂಲಿ ಎಂದರೆ ಅವರ ಹೆಂಡತಿ ಹಸೀನಾ ಭಾಬಿ ಮಾಡಿಕೊಡುವ ಚಹಾ.

ಒಂದು ಸಲ ಯಾರೋ ಪುಂಡರು ಆ ಕಾರನ್ನು ಕದ್ದು ಒಯ್ದು, ಪೆಟ್ರೋಲ್ ತೀರಿದಲ್ಲಿ ಬಿಟ್ಟುಹೋದರು. ಆಗ ನಾನೇ ಖಾಜಾಸಾಬರಿಗೆ ಒಂದು ಉಪಾಯ ಕಲಿಸಿದೆ. ಹಳೆಯ ಕಾರುಗಳ ಎಂಜಿನ್ನಿನಲ್ಲಿ ರೋಟರ್ ಎಂಬ ಒಂದು ತುಂಡು ಇರುತ್ತದೆ. ಹೆಬ್ಬೆರಳಿನಷ್ಟೇ ಗಾತ್ರ, ಮೇಲೊಂದು ಹಿತ್ತಾಳೆ ಪಟ್ಟಿ. ಒಂದು ಮುಚ್ಚಳದ ಕೆಳಗೆ ಗರಗರ ತಿರುಗುತ್ತ, ಪೆಟ್ರೋಲ್ ಹೊತ್ತಿಸುವ ಕಿಡಿಯನ್ನು ಪ್ರತಿ ಪ್ಲಗ್ಗಿಗೂ ಹಂಚುವುದು ಅದರ ಕೆಲಸ. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಕಳ್ಳ ಎಷ್ಟೇ ಕೀಲಿ ತಿರುಗಿಸಲಿ, ಎಂಜಿನ್ ಕೊಸರಾಡುತ್ತದೆಯೇ ಹೊರತು ಹತ್ತುವುದಿಲ್ಲ.

ಉಪಾಯ ಕಲಿತದ್ದು ಖಾಜಾಸಾಬ್, ಲಾಭ ಪಡೆದದ್ದು ಭಾಬಿ. ಖಾಜಾಸಾಬರಿಗೆ ಹೇಳದೆ ಕೇಳದೆ ಗೆಳೆಯರ ಜೊತೆ ಊರೂರು ತಿರುಗುವ ಚಟ. ಭಾಬಿ ಆ ರೋಟರನ್ನು ಇಸಿದುಕೊಂಡು, ಕಿನ್ನಾಳದಿಂದ ತಂದ ಬಣ್ಣದ ಮರದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಗೋಡೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಕಾರ್ ನಿಮ್ದರಿ, ಅದರ ಜೀವ ನನ್ನ ಕೈಯಾಗ. ಎಲ್ಲಿಗೆ ಹೊಂಟೀರಿ ಹೇಳ್ರಿ, ಇಸ್ಕೊಂಡು ಹೋಗ್ರಿ," ಎಂದರಂತೆ. ಅಂದಿನಿಂದ ಆ ಮನೆಯಲ್ಲಿ ಅದೇ ಕಾನೂನು. ಹೊರಡುವವರು ಎಲ್ಲಿಗೆಂದು ಹೇಳಬೇಕು, ರೋಟರ್ ಪಡೆಯಬೇಕು. ಬಂದ ಮೇಲೆ ವಾಪಸು ಒಪ್ಪಿಸಬೇಕು. ಅದೂ ಸುಮ್ಮನೆ ಒಪ್ಪಿಸುವಂತಿಲ್ಲ. ಕಿಡಿ ಹಾರಿ ಹಾರಿ ಹಿತ್ತಾಳೆಯ ತುದಿ ಕಪ್ಪಾಗಿರುತ್ತದಲ್ಲ, ಆ ಮಸಿ ಡಬ್ಬಿಗೆ ತಾಗಬಾರದು. ಹಾಗಾಗಿ ಖಾಜಾಸಾಬ್ ಕಟ್ಟೆಯ ಮೇಲೆ ಕೂತು, ಉಸುಕಿನ ಕಾಗದದಿಂದ ತಿಕ್ಕಿ ತಿಕ್ಕಿ, ಹೊಳೆಯುವಂತೆ ಮಾಡಿ ಕೊಡುತ್ತಿದ್ದರು.

ಮಗಳು ಶಬಾನಾಳ ಮದುವೆಯಾದ ಮರುವರ್ಷ ಭಾಬಿ ಜ್ವರದಲ್ಲಿ ತೀರಿಹೋದರು. ಕಪಾಟಿನ ಕೀಲಿ ಖಾಜಾಸಾಬರ ಜುಬ್ಬಾದ ಜೇಬು ಸೇರಿತು. ಆದರೆ ಪದ್ಧತಿ ನಿಲ್ಲಲಿಲ್ಲ. "ಕುಷ್ಟಗಿಗೆ ಹೋಗಿ ಅರಿವಿ ತೊಗೊಂಡು ಬರ್ತೀನಿ" ಎಂದು ಅವರು ಕಪಾಟಿಗೆ ಹೇಳುವುದು ಗೋಡೆಯಾಚೆ ನಮಗೆ ಕೇಳಿಸುತ್ತಿತ್ತು. ಮೊದಮೊದಲು ಗಿರಿಜಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಮೇಲೆ ನಮಗೂ ರೂಢಿಯಾಯಿತು.

ಶಬಾನಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ತಾಯಿ ಇಲ್ಲದ ತವರು. ಗಿರಿಜಾಳೇ ಎಣ್ಣೆ ಹಚ್ಚುವುದು, ಊಟ ನೋಡುವುದು ಮಾಡುತ್ತಿದ್ದಳು. ರಕ್ತದೊತ್ತಡ ಏರಿತ್ತಾದ್ದರಿಂದ, ನೋವು ಬಂದರೆ ತಡಮಾಡದೆ ಕೊಪ್ಪಳಕ್ಕೇ ಕರೆತನ್ನಿ ಎಂದು ಅಲ್ಲಿನ ಡಾಕ್ಟರಮ್ಮ ಮೊದಲೇ ಹೇಳಿದ್ದರು. ದಿನ ಇನ್ನೂ ದೂರವಿದೆ ಎಂದುಕೊಂಡು ಖಾಜಾಸಾಬ್ ಒಂದು ಭಾನುವಾರ ಗಂಗಾವತಿಯ ಕಡೆ ಹೋದರು. ಹನುಮನಹಳ್ಳಿಯಲ್ಲಿ ಯಾತ್ರಿಕರು ಇಳಿಯುವ ವಸತಿಗೃಹಕ್ಕೆ ಗಾದಿ ಹಾಕಬೇಕಿತ್ತು. ಗಾದಿ ತುಂಬಿದ ಟೆಂಪೊದಲ್ಲೇ ಅವರೂ ಕೂತು ಹೋದರು. ಕಾರು ಮನೆ ಮುಂದೆ ಇತ್ತು.

ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಗಿರಿಜಾ ಗೋಡೆಯಾಚೆಯಿಂದ ಕೂಗಿದಳು. ಹೋಗಿ ನೋಡಿದರೆ ಶಬಾನಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ, ಮುಖ ಬಿಳಿಚಿದೆ, ನೆಲವೆಲ್ಲ ನೀರು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅದು ಬೇರೆ ಕಡೆ ಹೋಗಿತ್ತು, ಬರಲು ಹೊತ್ತಾಗುತ್ತದೆ ಎಂದರು. ಕಾರಿನ ಕೀಲಿ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಕಿತ್ತುಕೊಂಡು ಓಡಿದೆ. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ನೋವಿನಲ್ಲೂ ಶಬಾನಾ ಮನೆಯ ಕಡೆ ಮುಖ ತಿರುಗಿಸಿ, "ಅಮ್ಮೀ, ಕೊಪ್ಪಳ ದವಾಖಾನಿಗೆ ಹೊಂಟೀವಿ," ಎಂದಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಬೆಳೆದವಳು, ಬಾಯಿಗೆ ತಾನಾಗಿ ಬಂದಿರಬೇಕು. ನಾನು ಕೀಲಿ ತಿರುಗಿಸಿದೆ. ಕಾರು ಚೋಕ್ ಇಲ್ಲದೆ, ಒಂದೇ ಸಲಕ್ಕೆ ಎದ್ದಿತು.

ಸಂತೋಷಪಡಲೂ ಪುರಸೊತ್ತಿರಲಿಲ್ಲ. ಕುಕನೂರು ದಾಟಿದ ಮೇಲೆ ಶಬಾನಾಳ ಕೂಗು ನಿಂತು ನರಳಾಟ ಶುರುವಾಯಿತು. ಅದು ಕೂಗಿಗಿಂತ ಹೆಚ್ಚು ಹೆದರಿಸಿತು. ನಾನು ಕನ್ನಡಿಯಲ್ಲಿ ನೋಡುವುದನ್ನೇ ಬಿಟ್ಟೆ. ಕಾರು ಎಲ್ಲಿಯೂ ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ. ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸಿದೆ. ಸ್ಟ್ರೆಚರ್ ಒಳಗೆ ಹೋಯಿತು. ನಾನು ಕಾರಿಗೆ ಬೀಗ ಹಾಕಿ ಹಿಂದೆಯೇ ಓಡಿದೆ.

ಹೆಣ್ಣುಮಗು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ಡಾಕ್ಟರಮ್ಮ ಹೊರಗೆ ಬಂದು, "ಛಲೋ ಟೈಮಿಗೆ ಬಂದ್ರಿ. ಇನ್ನೊಂಚೂರು ತಡಾ ಆಗಿದ್ರ ಕೂಸು ದಕ್ಕತಿರ್ಲಿಲ್ಲ," ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಗಿರಿಜಾ ಖಾಜಾಸಾಬರಿಗೆ ಫೋನ್ ಮಾಡಿ, ಅಜ್ಜ ಆದಿರಿ, ಬೇಗ ಬನ್ನಿ ಎಂದಳು.

ಅಷ್ಟರಲ್ಲಿ ಕಾವಲುಗಾರ ಬಂದು, "ಗಾಡಿ ತಗೀರಿ ಸರ, ದಾರ್ಯಾಗ ನಿಂತೈತಿ," ಎಂದ. ಹೋಗಿ ಕೀಲಿ ತಿರುಗಿಸಿದೆ. ಎಂಜಿನ್ ಚೆನ್ನಾಗಿಯೇ ತಿರುಗಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಊಹೂಂ. ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ತಪ್ಪು ತಿಳಿಯಬೇಡಿ. ಅಷ್ಟು ಹೊತ್ತು ಕೈಲಾಗದೆ ಕೂತವನಿಗೆ ಕೊನೆಗೂ ಗೊತ್ತಿರುವ ಕೆಲಸ ಸಿಕ್ಕಿತ್ತು. ಬಾನೆಟ್ ಎತ್ತಿದೆ. ಪೆಟ್ರೋಲ್ ಬರುತ್ತಿದೆ, ವಾಸನೆ ಮೂಗಿಗೆ ಹೊಡೆಯುತ್ತಿದೆ. ಕಾವಲುಗಾರನನ್ನೇ ಒಳಗೆ ಕೂರಿಸಿ ಕೀಲಿ ತಿರುಗಿಸಲು ಹೇಳಿ, ಒಂದು ಪ್ಲಗ್ ಬಿಚ್ಚಿ ನೋಡಿದೆ. ಕಿಡಿ ಇಲ್ಲ. ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಬರುವ ದಪ್ಪ ವೈರ್ ಕಿತ್ತು ನೋಡಿದೆ. ಅಲ್ಲಿ ನೀಲಿ ಕಿಡಿ ಚಟಚಟ ಹಾರಿತು. ಅಂದರೆ ಕಿಡಿ ಹುಟ್ಟುತ್ತಿದೆ, ಹಂಚಿಕೆಯಾಗುತ್ತಿಲ್ಲ. ತೊಂದರೆ ಮುಚ್ಚಳದ ಕೆಳಗೇ ಎಂದುಕೊಂಡು ಕ್ಲಿಪ್ ಎಬ್ಬಿಸಿ ತೆಗೆದೆ.

ರೋಟರ್ ಇರಲಿಲ್ಲ. ಬೋಳು ಕಡ್ಡಿಯೊಂದೇ ನಿಂತಿತ್ತು.

ಕಪಾಟು, ಡಬ್ಬಿ ಎಲ್ಲವೂ ನೆನಪಾದದ್ದು ಆಗ. ಹೊರಡುವ ಗಡಿಬಿಡಿಯಲ್ಲಿ ಅದು ನನ್ನ ತಲೆಗೇ ಬಂದಿರಲಿಲ್ಲ. ಆದರೂ ಬುದ್ಧಿ ದಾರಿ ಹುಡುಕಿತು. ಖಾಜಾಸಾಬ್ ಈ ಸಲ ತೆಗೆದಿಡಲು ಮರೆತಿರಬೇಕು, ನಾವು ಒಳಗಿದ್ದಾಗ ಇಲ್ಲಿ ಯಾರೋ ಕದ್ದಿರಬೇಕು. ಬೀಗ ಹಾಕಿದ ಕಾರಿನ ಬಾನೆಟ್ ಹೇಗೆ ತೆಗೆದರು ಎಂಬುದನ್ನು ಆಮೇಲೆ ನೋಡಿದರಾಯಿತು ಎಂದುಕೊಂಡೆ. ನಾಲ್ಕು ಜನ ಸೇರಿ ಕಾರನ್ನು ಪಕ್ಕಕ್ಕೆ ತಳ್ಳಿದೆವು.

ಖಾಜಾಸಾಬ್ ಬಸ್ಸಿಳಿದು ಓಡುತ್ತ ಬಂದರು. ಮೊಮ್ಮಗಳನ್ನು ನೋಡಿ, ಅತ್ತು, ನಕ್ಕು, ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. "ಯಾವ ಗಾಡ್ಯಾಗ ಬಂದ್ರಿ ಮಾಸ್ತರ್ರ?" ಎಂದು ಕೇಳಿದರು.

"ನಿಮ್ಮ ಕಾರಿನ್ಯಾಗ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಿಧಾನವಾಗಿ ಜೇಬಿಗೆ ಕೈಹಾಕಿ ಕಪಾಟಿನ ಕೀಲಿ ತೆಗೆದು ತೋರಿಸಿದರು. "ರೋಟರ್ ನಿನ್ನೆ ಸಂಜಿಕೇ ತಗದು, ತಿಕ್ಕಿ ಇಟ್ಟೀನಲ್ರಿ. ಹ್ಯಾಂಗ ಬಂದ್ರಿ?" ನಾನು ಅವರನ್ನು ಕಾರಿನ ಬಳಿ ಕರೆದೊಯ್ದು ಆ ಬೋಳು ಕಡ್ಡಿ ತೋರಿಸಿದೆ. ಅದನ್ನು ನೋಡಿ ಅವರು ಸಣ್ಣ ದನಿಯಲ್ಲಿ, "ಅಕಿಗೆ ಹೇಳಿ ಹೊಂಟಿದ್ರೇನು?" ಎಂದರು. ಶಬಾನಾ ಹೇಳಿದ್ದಳು ಎಂದೆ. ಅವರು ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಗಿರಿಜಾಳನ್ನು ಶಬಾನಾಳ ಬಳಿ ಬಿಟ್ಟು ಸಂಜೆಯ ಬಸ್ಸಿಗೆ ನಾವಿಬ್ಬರೂ ಯಲಬುರ್ಗಾಕ್ಕೆ ಬಂದೆವು. ಕಪಾಟಿನ ಬೀಗ ಹಾಕಿದ ಹಾಗೇ ಇತ್ತು. ಖಾಜಾಸಾಬ್ ತೆಗೆದರು. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಒಳಗೆ ರೋಟರ್ ಇತ್ತು. ಬೇರೆ ಯಾವುದೋ ಅಲ್ಲ, ಅದೇ. ಪಕ್ಕದಲ್ಲಿ ಬಿರುಕು ಬಿಟ್ಟಲ್ಲಿ ನಾನೇ ಅಂಟು ಮೆತ್ತಿದ್ದೆ, ಆ ಗಂಟು ಇತ್ತು. ಎರಡನೆಯದು ಒಂದಿರಲೆಂದು ಕೊಪ್ಪಳ, ಗಂಗಾವತಿಯ ಅಂಗಡಿಗಳನ್ನೆಲ್ಲ ಹುಡುಕಿ ಸಿಗದೆ ಬಂದಿದ್ದವನೂ ನಾನೇ. ದೀಪದ ಕೆಳಗೆ ಹಿಡಿದು ನೋಡಿದೆ. ಹಿತ್ತಾಳೆಯ ತುದಿ ಕಪ್ಪಗಿತ್ತು. ಬೆರಳು ಆಡಿಸಿದರೆ ಮಸಿ ಹತ್ತಿತು. ಡಬ್ಬಿಯ ತಳದಲ್ಲಿಯೂ ಒಂದು ಗೆರೆ ಮಸಿ ಇತ್ತು.

"ನಾ ತಿಕ್ಕಿ ಇಟ್ಟಿದ್ದೆ," ಎಂದರು ಖಾಜಾಸಾಬ್. "ಖರೇನ ತಿಕ್ಕಿದ್ದೆ ಮಾಸ್ತರ್ರ." ಹೇಳುತ್ತ ಹೇಳುತ್ತ ಅವರ ದನಿ ಒಡೆಯಿತು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಆ ಮನೆಯಲ್ಲಿ ಅವತ್ತು ನನಗೆ ಭಯವಾಗಲಿಲ್ಲ ಎಂಬುದನ್ನೂ ಹೇಳಬೇಕು. ನನಗೂ ಅಳು ಬಂತು, ಅಷ್ಟೇ.

ಮರುದಿನ ಅದೇ ರೋಟರ್ ಒಯ್ದು ಹಾಕಿದೆವು. ಕಾರು ಎಂದಿನಂತೆ ಚೋಕ್ ಎಳೆಸಿಕೊಂಡು, ಬೈಸಿಕೊಂಡು ಎದ್ದಿತು. ಅದನ್ನು ಹಾಕುವ ಮೊದಲು ಆ ತುದಿಯನ್ನು ತಿಕ್ಕಲು ಖಾಜಾಸಾಬ್ ಬಿಡಲಿಲ್ಲ. ಮುಂದೆ ಎಲ್ಲಿಂದಲೋ ಹೊಸ ರೋಟರ್ ತರಿಸಿಕೊಟ್ಟೆ. ಈಗ ಕಾರು ಅದರಲ್ಲೇ ಓಡುತ್ತದೆ. ಹಳೆಯದು ಮಸಿಯ ಸಮೇತ ಡಬ್ಬಿಯಲ್ಲಿದೆ. ಅಜ್ಜಿಯ ಹೆಸರನ್ನೇ ಇಟ್ಟುಕೊಂಡ ಆ ಮಗು ರಜೆಗೆ ಬಂದಾಗ ನಮ್ಮ ಮನೆಯಲ್ಲೇ ಹೆಚ್ಚು ಇರುತ್ತದೆ.

ಕಾರಣ ಹುಡುಕುವುದನ್ನು ನಾನಿನ್ನೂ ಬಿಟ್ಟಿಲ್ಲ. ಖಾಜಾಸಾಬ್ ತಿಕ್ಕಲು ಮರೆತಿರಬಹುದು. ಸರಿ, ಒಪ್ಪಿದೆ. ಆದರೆ ಅಷ್ಟು ದೂರ ಎಂಜಿನ್ ಯಾವುದರ ಮೇಲೆ ಓಡಿತು ಎಂಬಲ್ಲಿಗೆ ಬಂದು ನಿಲ್ಲುತ್ತೇನೆ. ಪ್ರತಿ ವರ್ಷ ಹುಡುಗರಿಗೆ ಪರೀಕ್ಷೆಯಲ್ಲಿ, ರೋಟರ್ ಇಲ್ಲದಿದ್ದರೆ ಎಂಜಿನ್ ಹತ್ತುತ್ತದೆಯೇ ಎಂದು ಕೇಳುತ್ತೇನೆ. ಇಲ್ಲ ಎಂದು ಬರೆಯುತ್ತಾರೆ. ಸರಿ ಉತ್ತರ, ಪೂರ್ತಿ ಅಂಕ ಕೊಡುತ್ತೇನೆ. ಕೊಡುವಾಗ ಒಂದು ಯೋಚನೆ ಬಂದು ಪೆನ್ನು ನಿಲ್ಲುತ್ತದೆ. ಆ ಮಧ್ಯಾಹ್ನ ರೋಟರ್ ಕಪಾಟಿನಲ್ಲಿದೆ ಎಂಬುದು ನನಗೆ ನೆನಪಾಗಿದ್ದರೆ, ಇದೇ ಸರಿ ಉತ್ತರವನ್ನು ನನಗೆ ನಾನೇ ಹೇಳಿಕೊಂಡು, ಕೀಲಿಯನ್ನು ತಿರುಗಿಸುತ್ತಲೇ ಇರಲಿಲ್ಲ.