ಗುಂಡಿ ಇಲ್ಲದ ಎಂಟು ಫೋನು

ಮೂರು ಕೊಟೇಶನ್ ಎಂಬ ಪದ್ಧತಿಯನ್ನು ನೆನೆದರೆ ನನಗೆ ಈಗ ಹೇಸಿಗೆ. ಮೊದಲು ಹಾಗಿರಲಿಲ್ಲ; ಎಷ್ಟೋ ವರ್ಷ ನಾನೇ ಅದನ್ನು ಭಕ್ತಿಯಿಂದ ನಡೆಸಿಕೊಂಡು ಬಂದವನು. ಕೊಟ್ಟೂರಿನ ಒಂದು ಬೀಜ-ಗೊಬ್ಬರದ ಸಂಘದಲ್ಲಿ ನಾನು ಮ್ಯಾನೇಜರ್. ಕುರ್ಚಿ ಕೊಳ್ಳಲಿ, ಫ್ಯಾನು ಕೊಳ್ಳಲಿ, ಮೂರು ಅಂಗಡಿಗಳಿಂದ ದರ ತರಿಸಿ ಕಡಿಮೆ ಹೇಳಿದವರಿಗೆ ಕೊಡಬೇಕೆಂಬುದು ನಿಯಮ. ನಡೆಯುವುದೇ ಬೇರೆ. ಯಾರಿಗೆ ಕೊಡುವುದೆಂದು ಮೊದಲೇ ತೀರ್ಮಾನವಾಗಿರುತ್ತದೆ. ಆ ಅಂಗಡಿಯವನೇ ಇನ್ನೆರಡು ಅಂಗಡಿಗಳ ಲೆಟರ್‌ಹೆಡ್ ಸಂಪಾದಿಸಿ, ಅವುಗಳಲ್ಲಿ ತನಗಿಂತ ಹೆಚ್ಚಿನ ದರ ಬರೆದು, ಮೂರಕ್ಕೂ ಒಂದೇ ಪಿನ್ನು ಚುಚ್ಚಿ ತಂದುಕೊಡುತ್ತಾನೆ. ಮೂರರಲ್ಲೂ ಅದೇ ಕೈಬರಹ, ಅದೇ ಪೆನ್ನು. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ.

ರಸ್ತೆ ಅಗೆದಾಗಲೆಲ್ಲ ನಮ್ಮ ಹಳೆಯ ಫೋನಿನ ತಂತಿ ತುಂಡಾಗುತ್ತಿತ್ತು. ಇಂಟರ್ನೆಟ್ಟಿನಲ್ಲಿ ನಡೆಯುವ ಮೇಜಿನ ಫೋನು ಎಂಟು ತನ್ನಿ, ಅಗ್ಗದವು ನೋಡಿ, ಎಂದು ಆಡಳಿತ ಮಂಡಳಿ ನನಗೆ ಹೇಳಿತು. ಮುಂದಿನ ಕೋಣೆಯಲ್ಲಿ ಕೂತು ಬಂದ ಕರೆಗಳನ್ನೆಲ್ಲ ಎತ್ತುತ್ತಿದ್ದವಳು ಒಬ್ಬ ಹೆಣ್ಣುಮಗಳು, ಹುಟ್ಟಿನಿಂದ ಕಣ್ಣು ಕಾಣದವಳು. ದಿನಾ ಕೂಡ್ಲಿಗಿಯಿಂದ ಬಸ್ಸಿಗೆ ಬರುತ್ತಿದ್ದಳು. ತಂಬ್ರಹಳ್ಳಿಯವರೋ ಮಾಗಳದವರೋ ಯೂರಿಯಾ ಬಂತೇ ಎಂದು ಎರಡನೇ ಸಲ ಫೋನು ಮಾಡಿ ಕೇಳಿದರೆ ಸಾಕು, ದನಿಯಿಂದಲೇ ಗುರುತು ಹಿಡಿದು, ಹೋದ ಸಲ ಅವರು ಒಯ್ದ ಬೀಜ ಹುಟ್ಟಿತೇ ಎಂದು ಆಕೆಯೇ ವಿಚಾರಿಸುತ್ತಿದ್ದಳು. ಆರು ವರ್ಷವಾದರೂ ದಿನಗೂಲಿಯವಳೇ. ಆಕೆಯನ್ನು ಕಾಯಂ ಮಾಡುವ ಕಾಗದ ಅದೇ ತಿಂಗಳು ಮಂಡಳಿಯ ಮುಂದೆ ಬರುವುದಿತ್ತು.

ಆಕೆ ನನ್ನಲ್ಲಿ ಕೇಳಿದ್ದು ಇಷ್ಟೇ. “ಸರ್, ಯಾವುದಾರ ತರ್ರಿ, ಗುಂಡಿ ಇರಬೇಕ್ರಿ. ಐದರ ಮ್ಯಾಲ ಒಂದು ಉಬ್ಬಿದ ಚುಕ್ಕಿ ಇದ್ರ ಮುಗೀತು, ಉಳಿದದ್ದು ನಾ ನೋಡ್ಕಂತೀನಿ.”

ಹರಪನಹಳ್ಳಿಯಲ್ಲಿ ನಮ್ಮ ಅಧ್ಯಕ್ಷರ ಭಾವಮೈದುನನ ಅಂಗಡಿ ಇದೆ. ಅಲ್ಲಿಗೇ ಹೋಗಬೇಕೆಂದು ಬೇರೆ ಹೇಳಬೇಕೇ? ಹೋದೆ. ಅಗ್ಗದವು ಎಂದು ಅವನು ಮುಂದಿಟ್ಟ ಫೋನುಗಳು ಎಲ್ಲೋ ಮುಚ್ಚಿಹೋದ ಕಂಪನಿಯವು. ಒಂದರ ರಿಸೀವರಿನ ತೂತುಗಳಲ್ಲಿ ಯಾರದೋ ಎಲೆಅಡಿಕೆಯ ಕೆಂಪು ಒಣಗಿತ್ತು, ಇನ್ನೊಂದಕ್ಕೆ ತಲೆಎಣ್ಣೆಯ ಜಿಡ್ಡು. ಥೂ, ಇದನ್ನು ಕಿವಿಗಿಡುವವರಿಗೂ ಮೂಗಿರುತ್ತದೆ ಕಣಯ್ಯಾ ಎಂದು ಬೈದೆ. ಕೊನೆಗೆ ಹೊಸದೇ ಆದ ಒಂದು ಸಾದಾ ಕಪ್ಪು ಫೋನು ಸಿಕ್ಕಿತು. ದೊಡ್ಡ ಗುಂಡಿಗಳು, ಐದರ ಮೇಲೆ ಚುಕ್ಕಿ, ದರವೂ ಕೈಗೆಟುಕುವಂಥದು. ಮಾದರಿಗೆಂದು ಒಂದನ್ನು ತಂದು ಆಕೆಯ ಮುಂದಿಟ್ಟೆ. ಒಮ್ಮೆ ಬೆರಳಾಡಿಸಿ ಆಕೆ ನಕ್ಕಳು, ನನಗೂ ಏನೋ ದೊಡ್ಡ ಕೆಲಸ ಮಾಡಿದೆ ಅನ್ನಿಸಿತು.

ಭಾವಮೈದುನ ಮೂರು ಕೊಟೇಶನ್ ತಂದುಕೊಟ್ಟು ಮಾದರಿಯ ಫೋನನ್ನು ವಾಪಸ್ ಒಯ್ದದ್ದು ಮಂಡಳಿ ಸೇರುವ ಅರ್ಧ ಗಂಟೆ ಮೊದಲು. ಮೂರರಲ್ಲೂ ‘ಇಂಟರ್ನೆಟ್ ಫೋನ್, ಎಂಟು’ ಎಂದಷ್ಟೇ ಇತ್ತು. ಗುಂಡಿಯವು ಎಂದು ಸೇರಿಸಬೇಕಾದರೆ ಮೂರನ್ನೂ ಹೊಸದಾಗಿ ಬರೆಸಬೇಕು. ಯಾರು ಓದುತ್ತಾರೆ ಬಿಡು ಎಂದು ಕೆಳಗೆ ಸಹಿ ಹಾಕಿದೆ. ಅವನ ದರವೇ ಕಡಿಮೆ ಇತ್ತು, ಇರಲೇಬೇಕಲ್ಲ.

ವಾರದ ಮೇಲೆ ಭಾವಮೈದುನ ತಂದ ಎಂಟೂ ಫೋನು, ಅವನ ಅಂಗಡಿಯಲ್ಲಿ ಮಾರಾಟವಾಗದೆ ಉಳಿದವು, ಬರೀ ಗಾಜು. ಗುಂಡಿಯ ಸುಳಿವಿಲ್ಲ, ಮುಟ್ಟಿದರೆ ನುಣ್ಣಗೆ. ಆವತ್ತು ಅಮಾವಾಸ್ಯೆ. ಸಂಘದಲ್ಲಿ ಹೊಸದೇನು ಬಂದರೂ ಅಮಾವಾಸ್ಯೆಗೆ ಪೂಜೆಯಾಗಬೇಕು. ಗಾಜಿಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಕಾಯಿ ಒಡೆದು, ಮೊಬೈಲಿನ ಹಾಗೇ ಅದಾವಲ್ಲ ಎಂದು ನಿರ್ದೇಶಕರು ಹಲ್ಲು ಕಿಸಿದರು. ಭಾವಮೈದುನನನ್ನು ಬಾಗಿಲ ಹೊರಗೆ ಕರೆದು, ಇವನ್ನು ವಾಪಸ್ ಒಯ್ಯಿ ಎಂದೆ.

“ಯಾವ ಪೇಪರಿನಾಗ ಗುಂಡಿ ಅಂತ ಐತಿ, ತೋರಸ್ರಿ,” ಎಂದ, ದನಿ ಏರಿಸದೆ. “ಮೂರೂ ನಾನ ಬರ್ದೀನಿ, ಮೂರಕ್ಕೂ ನೀವ ಸಹಿ ಹಾಕೀರಿ. ಫೈಲು ತೆಗಿಸೋದಾದ್ರ ಹಳೇವೂ ಎಲ್ಲಾ ತೆಗಿಸೋಣು.”

ದೂರು ಕೊಟ್ಟರೆ ಮೊದಲು ಹೊರಬೀಳುವುದು ನನ್ನವೇ ಹಳೆಯ ಫೈಲುಗಳು. ಅವನ ಮೇಲಿದ್ದ ಹೇಸಿಗೆ ಅರೆಗಳಿಗೆಯಲ್ಲಿ ನನ್ನ ಕಡೆಗೇ ತಿರುಗಿತು. ಒಳಗೆ ಬಂದು ಪ್ರಸಾದ ತಿಂದೆ.

ಮರುದಿನದಿಂದ ಕರೆ ಎತ್ತಲು ಬೇರೊಬ್ಬರು ಕೂತರು. ಆಕೆಯನ್ನು ಗೋದಾಮಿನ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಕೆಲಸವೇ ಇರಲಿಲ್ಲ. ಫೋನು ನಡೆಸಲು ಬಾರದವಳನ್ನು ಕಾಯಂ ಮಾಡುವುದು ಹೇಗೆ ಎಂದು ಅಧ್ಯಕ್ಷರು ಎಲ್ಲರಿಗೂ ಕೇಳುವ ಹಾಗೆ ಅಂದದ್ದು ಆಕೆಗೂ ಕೇಳಿತ್ತು. ಗೋಡೆ ಹಿಡಿದುಕೊಂಡು ನನ್ನ ಮೇಜಿಗೆ ಬಂದು, ಆರ್ಡರಿನಲ್ಲಿ ಗುಂಡಿ ಎಂದು ಬರೆಸಿದ್ದಿರಿ ತಾನೇ ಎಂದು ಕೇಳಿದಳು. ಬರೆಸಿದ್ದೆ ಅಂದೆ. ಯಾಕೆ ಅಂದೆನೋ, ನಾಲಿಗೆಗೆ ಅದೇ ಸಲೀಸಾಗಿ ಬಂತು.

“ಹಂಗಾದ್ರ ಚಿಂತಿ ಇಲ್ಲ ಬಿಡ್ರಿ,” ಅಂದಳು. “ಕಾಗದದಾಗ ಐತಿ ಅಂದ್ರ ಯಾರೂ ಏನೂ ಮಾಡಾಕ ಬರಂಗಿಲ್ಲ. ಮೀಟಿಂಗಿನಾಗ ನಾನ ಎದ್ದು ನಿಂತು ಅದನ್ನ ಓದಸ್ತೀನಿ.”

ಬೇಡ ಎಂದು ಹೇಳಲು ನನಗೆ ನಾಲ್ಕು ದಿನ ಇತ್ತು, ಹೇಳಲಿಲ್ಲ. ಕಾಯಂ ಕಾಗದ ಬಂದ ಸಭೆಯಲ್ಲಿ ಆಕೆ ಎದ್ದು ನಿಂತಳು, ಹೇಳಿದಂತೆಯೇ ಕೇಳಿದಳು. ಅಧ್ಯಕ್ಷರು ಫೈಲನ್ನು ನನ್ನ ಕಡೆಗೇ ಸರಿಸಿ ಓದಿ ಎಂದರು. ಬಿಲ್ಲಿನ ಹಣಕ್ಕೆಂದು ಬಂದು ಕೂತಿದ್ದ ಭಾವಮೈದುನ ಕಿಟಕಿಯಾಚೆ ನೋಡುತ್ತಿದ್ದ. ‘ಇಂಟರ್ನೆಟ್ ಫೋನ್, ಎಂಟು’ ಎಂದು ಓದಿ ನಿಲ್ಲಿಸಿದೆ. ಆಕೆ ನನ್ನ ದನಿ ಬಂದ ಕಡೆಗೆ ಮುಖ ಮಾಡಿದಳು.

“ಮುಂದ ಓದ್ರಿ, ಸರ್.”

ಮುಂದೆ ನನ್ನ ಸಹಿ ಮಾತ್ರ ಇತ್ತು.